ತಲೆಗೆ ಬಿದ್ದ ಪೆಟ್ಟು ಮತ್ತು ಆಮೇಲಿನ ಗಂಟೆಗಳು

ಕೇಳುಗರಿಗೆ ನಮಸ್ಕಾರ.

ಕೆಲಸ ಮುಗಿಸಿ ಸಂಜೆ ಏಳರ ಹೊತ್ತಿಗೆ ಬೈಕಿನಲ್ಲಿ ಮನೆಗೆ ಹೊರಟ ಯುವಕನೊಬ್ಬ, ಬಣ್ಣ ಅಳಿಸಿಹೋದ ರಸ್ತೆ ಉಬ್ಬನ್ನು ಗಮನಿಸದೆ ಎಗರಿ ಬಿದ್ದು, ಕಿವಿಯ ಮೇಲ್ಭಾಗ ನೆಲಕ್ಕೆ ಬಡಿದು, ಅರೆಗಳಿಗೆ ಕಣ್ಣು ಕತ್ತಲಿಟ್ಟು, ಮತ್ತೆ ಎದ್ದು ಕೂತನೆಂದು ಇಟ್ಟುಕೊಳ್ಳಿ. ನೆರೆದವರು ನೀರು ಕೊಟ್ಟು, ಅಂಗಿಯ ಧೂಳು ಕೊಡವಿ, ಎಲ್ಲೂ ರಕ್ತ ಕಾಣದ್ದರಿಂದ ದೇವರು ದೊಡ್ಡವನೆಂದು ಕಳುಹಿಸಿಕೊಡುತ್ತಾರೆ. ಮನೆಗೆ ಬಂದವನು ಬಿದ್ದ ಕತೆಯನ್ನು ತಾನೇ ಹೇಳಿ, ತಲೆ ಸ್ವಲ್ಪ ನೋಯುತ್ತಿದೆಯೆಂದು ಮಾತ್ರೆ ನುಂಗಿ ಮಲಗುತ್ತಾನೆ. ರಾತ್ರಿ ಹನ್ನೊಂದಕ್ಕೆ ಜೋರಾಗಿ ಗೊರಕೆ ಕೇಳಿಸುತ್ತದೆ. ಎಂದೂ ಗೊರಕೆ ಹೊಡೆಯದವನು ಇಂದು ದಣಿದಿದ್ದಾನೆ, ಮಲಗಲಿ ಎಂದು ಮನೆಯವರು ದೀಪ ಆರಿಸುತ್ತಾರೆ. ಅದು ನಿದ್ದೆಯ ಗೊರಕೆಯಲ್ಲ, ಪ್ರಜ್ಞೆ ತಪ್ಪಿದವನ ಉಸಿರಿನ ಸದ್ದು.

ಕಿವಿಯ ಮೇಲ್ಭಾಗದಲ್ಲಿ ತಲೆಬುರುಡೆಯ ಮೂಳೆ ತೆಳುವಾಗಿರುತ್ತದೆ. ಅದರ ಒಳಮೈಗೆ ಅಂಟಿಕೊಂಡಂತೆ ಒಂದು ಅಪಧಮನಿ ಹಾದುಹೋಗುತ್ತದೆ. ಮೂಳೆ ಸೀಳಿ ಆ ರಕ್ತನಾಳ ಹರಿದರೆ, ಮೂಳೆಗೂ ಮಿದುಳಿನ ಹೊರಪೊರೆಗೂ ನಡುವೆ ರಕ್ತ ತುಂಬಿಕೊಳ್ಳತೊಡಗುತ್ತದೆ. ಮೊದಲ ಕೆಲವು ಗಂಟೆ ರೋಗಿ ಮಾತನಾಡುತ್ತಾನೆ, ನಡೆದಾಡುತ್ತಾನೆ. ಒತ್ತಡ ಒಂದು ಮಿತಿ ಮೀರಿದೊಡನೆ ಕುಸಿಯುತ್ತಾನೆ. ಬುರುಡೆ ಎಲ್ಲ ಕಡೆ ಮುಚ್ಚಿದ ಪೆಟ್ಟಿಗೆಯಾದ್ದರಿಂದ ಒಳಗೆ ಹೆಚ್ಚಾದ ರಕ್ತಕ್ಕೆ ಬೇರೆ ಜಾಗವಿಲ್ಲ. ಅದು ಮಿದುಳನ್ನೇ ಕೆಳಕ್ಕೆ ತಳ್ಳಿ, ಉಸಿರಾಟವನ್ನು ನಡೆಸುವ ಮಿದುಳಕಾಂಡವನ್ನು ಒತ್ತುತ್ತದೆ. ಹೊತ್ತು ಮೀರುವ ಮೊದಲೇ ಬುರುಡೆ ತೆರೆದು ಹೆಪ್ಪು ತೆಗೆದರೆ ಇಂಥವರಲ್ಲಿ ಬಹಳ ಮಂದಿ ಮತ್ತೆ ಕೆಲಸಕ್ಕೆ ಹೋಗುವಷ್ಟು ಗುಣವಾಗುತ್ತಾರೆ, ಏಕೆಂದರೆ ಮಿದುಳಿಗೆ ನೇರವಾಗಿ ಆದ ಏಟು ಹಲವು ಬಾರಿ ಕಡಿಮೆಯೇ. ಈ ಕತೆಯನ್ನೇ ಮೊದಲು ಹೇಳಿದ್ದಕ್ಕೆ ಕಾರಣವೂ ಅದೇ.

ತಲೆಗೆ ಬಿದ್ದ ಪೆಟ್ಟು ಒಂದೇ ಏಟಿಗೆ ಮುಗಿಯುವುದಿಲ್ಲ. ಗಡಿಗೆಯಲ್ಲಿರುವ ಗಟ್ಟಿ ಮೊಸರಿನಂತೆ ಮೆತ್ತಗಿರುವ ಮಿದುಳು, ಓಡುತ್ತಿದ್ದ ತಲೆ ಥಟ್ಟನೆ ನಿಂತಾಗ ತಾನು ಮುಂದಕ್ಕೆ ನುಗ್ಗಿ ಮೂಳೆಗೆ ಅಪ್ಪಳಿಸುತ್ತದೆ. ಕೆಲವೊಮ್ಮೆ ಎದುರು ಬದಿಗೂ ಏಟಾಗುತ್ತದೆ. ತಲೆ ತಿರುಚಿಕೊಂಡರೆ ನರತಂತುಗಳು ಒಳಗೇ ಎಳೆದು ಹರಿಯುತ್ತವೆ, ಇದು ಸಿಟಿ ಸ್ಕ್ಯಾನಿನಲ್ಲಿ ಕಾಣಲೇಬೇಕೆಂದಿಲ್ಲ. ಇದು ಮೊದಲ ಪೆಟ್ಟು. ಆಗಿಹೋದದ್ದನ್ನು ಯಾವ ವೈದ್ಯನೂ ಹಿಂದಕ್ಕೆ ತಿರುಗಿಸಲಾರ. ಆಮೇಲಿನ ಗಂಟೆಗಳಲ್ಲಿ ಊತ, ರಕ್ತಸ್ರಾವ, ಆಮ್ಲಜನಕದ ಕೊರತೆ, ರಕ್ತದೊತ್ತಡದ ಕುಸಿತ ಇವೆಲ್ಲ ಸೇರಿ ಎರಡನೆಯ ಪೆಟ್ಟು ಕೊಡುತ್ತವೆ. ಆಸ್ಪತ್ರೆಯ ಹೋರಾಟವೆಲ್ಲ ಈ ಎರಡನೆಯದರ ಮೇಲೆ.

ಆದ್ದರಿಂದ ತಲೆಗೆ ಏಟು ಬಿದ್ದವರು ಪದೇ ಪದೇ ವಾಂತಿ ಮಾಡಿದರೆ, ತಲೆನೋವು ಏರುತ್ತ ಹೋದರೆ, ಮಾತು ತೊದಲಿದರೆ, ಫಿಟ್ಸ್ ಬಂದರೆ, ಕಣ್ಣಿನ ಪಾಪೆಗಳಲ್ಲಿ ಒಂದು ಹಿಗ್ಗಿದರೆ, ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ, ಬೆಳಗಾಗಲಿ ಎಂದು ಕಾಯಬಾರದು. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು, ಸೋಡಾ ಹಾಕಬಾರದು. ಫಿಟ್ಸ್ ಬಂದವರ ಕೈಗೆ ಬೀಗದ ಕೈ ಹಿಡಿಸುವುದರಿಂದ ಬೀಗದ ಕೈ ಬೆಚ್ಚಗಾಗುತ್ತದೆ, ಅಷ್ಟೇ. ಕುತ್ತಿಗೆ ಅಲುಗದಂತೆ ನೋಡಿಕೊಂಡು 108ಕ್ಕೆ ಕರೆಮಾಡಬೇಕು. ಪೊಲೀಸು, ಕೋರ್ಟು ಎಂದು ಹೆದರುವವರಿಗೆ ಒಂದು ಮಾತು: 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 134ಎ ಕಲಮು, ಅಪಘಾತದಲ್ಲಿ ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ ಕಾನೂನಿನ ರಕ್ಷಣೆ ಕೊಡುತ್ತದೆ.

ಇದು ಎಷ್ಟು ಜನರ ಪಾಡು? ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6.9 ಕೋಟಿ ಮಂದಿ ಮಿದುಳಿನ ಗಾಯಕ್ಕೆ ಒಳಗಾಗುತ್ತಾರೆಂದು 2018ರ ಅಂದಾಜು ಹೇಳುತ್ತದೆ. ನಮ್ಮ ಕಡೆಯ ಕಾರಣಗಳನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಡಾ. ಜಿ. ಗುರುರಾಜ್ ಲೆಕ್ಕ ಹಾಕಿದ್ದಾರೆ: ನೂರರಲ್ಲಿ ಸುಮಾರು 60 ರಸ್ತೆ ಅಪಘಾತದಿಂದ, 20ರಿಂದ 25 ಬೀಳುವುದರಿಂದ, 10ರಷ್ಟು ಹೊಡೆದಾಟದಿಂದ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 50,029 ಮಂದಿ ಹೆಲ್ಮೆಟ್ ಧರಿಸಿರಲಿಲ್ಲ, ಅದರಲ್ಲೂ 14,337 ಮಂದಿ ಹಿಂಬದಿ ಸವಾರರು. ರಾಷ್ಟ್ರಪ್ರಶಸ್ತಿ ಪಡೆದ ನಟ ಸಂಚಾರಿ ವಿಜಯ್ ಅವರನ್ನು 2021ರ ಜೂನ್‌ನಲ್ಲಿ ನಾವು ಕಳೆದುಕೊಂಡದ್ದೂ ಬೈಕ್ ಅಪಘಾತದಲ್ಲಿ ತಲೆಗಾದ ಪೆಟ್ಟಿನಿಂದಲೇ.

ಹೆಲ್ಮೆಟ್ ಸಾವಿನ ಅಪಾಯವನ್ನು ಸುಮಾರು ಶೇ. 42ರಷ್ಟು, ತಲೆಯ ಗಾಯವನ್ನು ಶೇ. 69ರಷ್ಟು ತಗ್ಗಿಸುತ್ತದೆಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಹೇಳಿದ್ದಾರೆ. ಆದರೆ ಗದ್ದದ ಪಟ್ಟಿ ಬಿಗಿಯದ ಹೆಲ್ಮೆಟ್ ನೆಲಕ್ಕೆ ತಲೆಗಿಂತ ಮೊದಲೇ ತಲುಪಿಬಿಡುತ್ತದೆ. ಪೊಲೀಸರಿಗೆ ತೋರಿಸಲೆಂದೇ ಕೊಂಡ ಟೋಪಿಯಂಥ ಅರ್ಧ ಹೆಲ್ಮೆಟ್ ಕಿವಿಯ ಮೇಲಿನ ಆ ತೆಳು ಮೂಳೆಯನ್ನು ಕಾಯುವುದಿಲ್ಲ. ಹಿಂದಿನ ಸೀಟಿನಲ್ಲಿ ಒಂದೇ ಬದಿಗೆ ಕಾಲು ಇಳಿಬಿಟ್ಟು, ಮಗುವನ್ನು ತೊಡೆಯ ಮೇಲಿರಿಸಿಕೊಂಡು ಕೂತ ತಾಯಿ, ಸೆರಗು ಚಕ್ರಕ್ಕೆ ಸಿಕ್ಕಿದಾಗ ತಲೆಯನ್ನು ಕೈಯಿಂದ ಕಾಪಾಡಿಕೊಳ್ಳಲೂ ಆಗದೆ ಹಿಂದಕ್ಕೆ ಬೀಳುತ್ತಾಳೆ.

ಬೀಳುವುದೆಂದರೆ ಮಲೆನಾಡಿನಲ್ಲಿ ಅಡಿಕೆಮರ, ಕಟ್ಟಡದ ಕೆಲಸದವರಿಗೆ ಸಾರುವೆ, ವಯಸ್ಸಾದವರಿಗೆ ಬಚ್ಚಲುಮನೆ. ವಯಸ್ಸಾದಂತೆ ಮಿದುಳು ಕುಗ್ಗಿ, ಅದನ್ನು ಹೊರಪೊರೆಗೆ ಜೋಡಿಸುವ ಸಣ್ಣ ರಕ್ತನಾಳಗಳು ಬಿಗಿಯಾಗಿ ಎಳೆದುಕೊಂಡಿರುವುದರಿಂದ, ಬಾಗಿಲ ಚೌಕಟ್ಟಿಗೆ ಹಣೆ ತಾಗಿದಷ್ಟಕ್ಕೇ ಅವು ಹರಿದು ನಿಧಾನವಾಗಿ ರಕ್ತ ಜಿನುಗಬಹುದು. ಮೂರು ವಾರದ ಮೇಲೆ ಅಜ್ಜ ಮಾತು ಮರೆಯುತ್ತಾರೆ, ಕಾಲೆಳೆಯುತ್ತಾರೆ. ಅಷ್ಟು ಹೊತ್ತಿಗೆ ತಲೆ ತಾಗಿದ್ದು ಯಾರಿಗೂ ನೆನಪಿರುವುದಿಲ್ಲ, ಎಲ್ಲರೂ ಅರಳುಮರಳು ಎಂದುಕೊಳ್ಳುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಈ ಅಪಾಯ ಇನ್ನೂ ಹೆಚ್ಚು.

ಆಸ್ಪತ್ರೆಯಲ್ಲಿ ಗಾಯದ ತೀವ್ರತೆಯನ್ನು ಅಳೆಯುವುದು 1974ರಲ್ಲಿ ಗ್ಲಾಸ್ಗೋ ನಗರದ ಇಬ್ಬರು ವೈದ್ಯರು ರೂಪಿಸಿದ, 3ರಿಂದ 15ರವರೆಗಿನ ಅಂಕಪಟ್ಟಿಯಿಂದ. 13 ಅಥವಾ ಅದಕ್ಕೂ ಮೇಲಿದ್ದರೆ ಲಘು ಎನ್ನುತ್ತಾರೆ. ಈ 'ಲಘು' ಎಂಬ ಮಾತಿನ ಬಗ್ಗೆ ನನಗೆ ಮೊದಲಿನಿಂದಲೂ ತಕರಾರಿದೆ. ಆ ಅಂಕಪಟ್ಟಿ ಪ್ರಜ್ಞೆಯನ್ನು ಅಳೆಯುತ್ತದೆಯೇ ಹೊರತು ಆ ಮನುಷ್ಯನ ಮುಂದಿನ ವರ್ಷವನ್ನಲ್ಲ.

ಹೊಲಿಗೆ ಬಿಚ್ಚಿ ಮನೆಗೆ ಬಂದವನನ್ನು ನೋಡಿದವರೆಲ್ಲ ಚೆನ್ನಾಗಿದ್ದೀಯಲ್ಲ ಎನ್ನುತ್ತಾರೆ. ಒಗ್ಗರಣೆಯ ಘಮ ಅವನ ಮೂಗಿಗೆ ತಲುಪುವುದಿಲ್ಲ, ಏಕೆಂದರೆ ವಾಸನೆಯ ನರಗಳು ಹಣೆಯ ಹಿಂದೆ ಮೂಳೆಯ ಸಣ್ಣ ರಂಧ್ರಗಳಲ್ಲಿ ತುಂಡಾಗಿವೆ. ಸಾರಿಗೆ ರುಚಿಯಿಲ್ಲವೆಂದು ಹೆಂಡತಿಯ ಮೇಲೆ ರೇಗುತ್ತಾನೆ. ಕುಕ್ಕರಿನ ಸೀಟಿಗೆ ಸಿಡಿಮಿಡಿಗೊಳ್ಳುತ್ತಾನೆ. ಆಳುಗಳ ಬಟವಾಡೆಯನ್ನು ಬಾಯಲ್ಲೇ ಲೆಕ್ಕಹಾಕುತ್ತಿದ್ದ ಮೇಸ್ತ್ರಿ ನಾಲ್ಕು ಜನರ ಕೂಲಿ ಕೂಡಿಸಲಾರ. ಇವನಿಗೆ ಸೊಕ್ಕು, ಸೋಮಾರಿತನ, ಗಾಳಿ ಸೋಕಿದೆ ಎಂದು ಊರಿನವರು ಒಂದೊಂದು ಹೆಸರಿಡುತ್ತಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಹೆಸರಿಸಿದರೂ ಮಿದುಳಿನ ಗಾಯ ಅವುಗಳಲ್ಲೊಂದಾಗಿ ಪ್ರತ್ಯೇಕವಾಗಿ ಬಂದಿಲ್ಲ. ಕೈಕಾಲು ಸೋತಿದ್ದರೆ ಆ ಲೆಕ್ಕದಲ್ಲಿ ಪ್ರಮಾಣಪತ್ರ ಸಿಗುತ್ತದೆ, ಸೋತದ್ದು ನೆನಪು ಮತ್ತು ತಾಳ್ಮೆಯಾದರೆ ಮನೆಯವರು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ.

ಇಂಥವರಿಗೆ ಮಾತು, ನೆನಪು, ನಡಿಗೆಗಳ ತರಬೇತಿ ಕೊಡುವ ನರ ಪುನಶ್ಚೇತನ ವಿಭಾಗ ನಿಮ್ಹಾನ್ಸ್‌ನಲ್ಲಿದೆ. ಸುಧಾರಣೆ ಮೊದಲ ಆರು ತಿಂಗಳಲ್ಲಿ ವೇಗವಾಗಿದ್ದು ಆಮೇಲೆ ನಿಧಾನವಾಗುತ್ತದೆ, ಆದರೆ ವರ್ಷಗಟ್ಟಲೆ ಮುಂದುವರಿಯಬಹುದು. ತರಬೇತಿಯ ಬಹುಪಾಲು ನಡೆಯುವುದು ಮನೆಯಲ್ಲೇ. ನಾನು ಕಂಡ ಒಂದು ಮನೆಯಲ್ಲಿ ಬಾಗಿಲ ಪಕ್ಕ ಮಗಳ ಹಳೆಯ ಸ್ಲೇಟೊಂದನ್ನು ತೂಗುಹಾಕಿದ್ದರು. ವಾರ, ತಾರೀಕು, ಮಾತ್ರೆಯ ಹೊತ್ತು, ಇವತ್ತು ಯಾರು ಬರುತ್ತಾರೆ, ಇಷ್ಟನ್ನು ಮಗಳು ಬೆಳಗ್ಗೆ ಬರೆಯುತ್ತಿದ್ದಳು. ನಿನ್ನೆಯದನ್ನು ಒರೆಸುವ ಕೆಲಸ ಮಾತ್ರ ಅಪ್ಪನದು.

ನಮಸ್ಕಾರ.