ತೋಳಿನ ಮೇಲೊಂದು ಗೇರ್

ನಮಸ್ಕಾರ. ಕಳೆದ ತಿಂಗಳು ಅಕ್ಕನ ಮಗ ಮೊಬೈಲ್ ಹಿಡಿದುಕೊಂಡು ನಮ್ಮ ಮನೆಗೆ ಬಂದ. ತೋಳಿಗೆ ಹಚ್ಚೆ ಹಾಕಿಸಿಕೊಳ್ಳಬೇಕಂತೆ, ಅದು ಕಾರಿಗೆ ಸಂಬಂಧಿಸಿದ್ದೇ ಆಗಬೇಕಂತೆ. ಅವನು ಆರಿಸಿದ್ದ ಚಿತ್ರದಲ್ಲಿ ಎರಡು ಪಿಸ್ಟನ್‌ಗಳು ಕತ್ತರಿಯ ಹಾಗೆ ಅಡ್ಡಡ್ಡ ನಿಂತಿದ್ದವು, ಕೆಳಗೆ 1-3-4-2 ಎಂಬ ಅಂಕಿಗಳು. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಕಿಡಿ ಹೊತ್ತುವ ಸರದಿ ಅದು. ಮೆಕ್ಯಾನಿಕ್‌ಗಳು ಫೈರಿಂಗ್ ಆರ್ಡರ್ ಎನ್ನುತ್ತಾರೆ. ಚಿತ್ರ ಚೆನ್ನಾಗಿಯೇ ಇತ್ತು. ಆದರೆ ಹುಡುಗ ಪ್ರಾಣ ಬಿಡುವುದು ಅವನ ಅಜ್ಜ, ಎಂದರೆ ನಮ್ಮ ತಂದೆ, ಓಡಿಸುತ್ತಿದ್ದ ಮಾರುತಿ 800ರ ಮೇಲೆ. "ಅದರಲ್ಲಿರುವುದು ಮೂರೇ ಸಿಲಿಂಡರ್, ನಾಲ್ಕನೆಯದನ್ನು ಎಲ್ಲಿಂದ ತಂದೆಯಪ್ಪಾ?" ಎಂದು ಕೇಳಿದೆ. ಮೊಬೈಲನ್ನು ಮೆಲ್ಲಗೆ ಜೇಬಿಗೆ ಸೇರಿಸಿದ.

ಅಂಗಡಿಯ ಆಲ್ಬಮ್‌ನಿಂದ ಎತ್ತಿಕೊಂಡ ಹಚ್ಚೆಯ ತೊಂದರೆ ಇದೇ. ಕುಳಿತು ಕಂಡಿರದ ಕಾರು ಮೈಮೇಲೆ ಬಂದು ಕೂರುತ್ತದೆ. ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ರೇಸ್ ಪಥದ ನಕ್ಷೆಯನ್ನು ಹಾಕಿಸಿಕೊಳ್ಳುವವರಿದ್ದಾರೆ. 20 ಕಿಲೋಮೀಟರಿಗೂ ಉದ್ದವಾದ ಆ ಅಂಕುಡೊಂಕು ತೋಳಿನ ಮೇಲೆ ಒಂದೆಳೆ ರಂಗೋಲಿಯಂತೆ ಕಾಣುತ್ತದೆ, ಅಂದವೇನೋ ಹೌದು. ಅಲ್ಲಿ ಒಂದು ಸುತ್ತು ಹೊಡೆದು ಬಂದವರ ತೋಳಿನ ಮೇಲೆ ಇನ್ನೂ ಅಂದ.

ನನ್ನನ್ನು ಕೇಳಿದರೆ, ಕಾರುಪ್ರೇಮಿಗಳಿಗೆ ಒಪ್ಪುವ ಹಚ್ಚೆ ಒಂದು ಟೋಪಿಯ ಪಿನ್ನು. ನಗಬೇಡಿ. ಕಾರ್ಲ್ ಬೆಂಜ್ ತನ್ನ ಮೂರು ಗಾಲಿಯ ಮೋಟಾರು ಬಂಡಿಗೆ ಪೇಟೆಂಟ್ ಕೋರಿದ್ದು 1886ರ ಜನವರಿ 29ರಂದು. ಆ ಪೇಟೆಂಟಿನ ಸಂಖ್ಯೆ 37435. ಬಂಡಿ ತಯಾರಾದರೂ ಕೊಳ್ಳುವವರು ಕಡಿಮೆ. 1888ರ ಆಗಸ್ಟಿನಲ್ಲಿ ಅವನ ಹೆಂಡತಿ ಬರ್ತಾ, ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ನ ತವರಿಗೆ ಹೊರಟುಬಿಟ್ಟಳು. ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ಪೆಟ್ರೋಲ್ ಬಂಕ್ ಎಂಬುದೇ ಹುಟ್ಟಿರದ ಕಾಲ, ಇಂಧನ ಸಿಕ್ಕಿದ್ದು ವೀಸ್ಲೋಕ್ ಊರಿನ ಔಷಧದ ಅಂಗಡಿಯಲ್ಲಿ. ಇಂಧನದ ನಳಿಕೆ ಕಟ್ಟಿಕೊಂಡಾಗ ಆಕೆ ಟೋಪಿಯ ಪಿನ್ನು ತೆಗೆದು ಚುಚ್ಚಿ ಸರಿಮಾಡಿದಳಂತೆ. ಆ ಪಿನ್ನು, ಅದರ ಕೆಳಗೆ 37435. ಸೂಜಿಯಿಂದ ಬರೆಸಿಕೊಂಡ ಸೂಜಿ!

ಇನ್ನು ಇಡೀ ಕಾರನ್ನೇ ಬರೆಸಿಕೊಳ್ಳುವವರಿಗೆ ಒಂದು ಮಾತು. ಹಚ್ಚೆಯ ಬಣ್ಣ ನಿಲ್ಲುವುದು ಮೇಲ್ಚರ್ಮದಲ್ಲಲ್ಲ, ಅದರ ಕೆಳಗಿನ ಪದರದಲ್ಲಿ. ವರ್ಷಗಳು ಉರುಳಿದಂತೆ ಗೆರೆಗಳು ಸ್ವಲ್ಪ ಸ್ವಲ್ಪವೇ ಹರಡಿಕೊಳ್ಳುತ್ತವೆ. ನಮ್ಮ ಅಜ್ಜಿಯ ಮುಂಗೈ ಮೇಲೆ ಕೊರವಂಜಿ ಹೊಯ್ದ ತುಳಸಿಕಟ್ಟೆ ಇತ್ತು. ನಾನು ನೋಡುವ ಹೊತ್ತಿಗೆ ಗೆರೆಗಳೆಲ್ಲ ಹಸಿರಾಗಿ ದಪ್ಪಗಾಗಿದ್ದವು. ಆದರೂ ಕಟ್ಟೆ ಕಟ್ಟೆಯಾಗಿಯೇ ಕಾಣುತ್ತಿತ್ತು, ಏಕೆಂದರೆ ಅದನ್ನು ಬರೆದಿದ್ದು ನಾಲ್ಕೇ ಗೆರೆ, ಕೆಲವು ಚುಕ್ಕಿಗಳಲ್ಲಿ. ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ಅಂಬಾಸಿಡರ್ ಕಾರನ್ನು ಅದರ ಜಾಲರಿಯ ಕಂಬಿಗಳ ಸಮೇತ ತುಂಬಿಸಿದರೆ ಹದಿನೈದು ವರ್ಷದಲ್ಲಿ ಅದು ಇಲ್ಲಣದಂತೆ ಕಂಡೀತು. ಆ ಕಾರಿನ ಉಬ್ಬಿದ ಬೆನ್ನು, ಒಂದು ದುಂಡು ದೀಪ, ಇಷ್ಟೇ ಬರೆಸಿ. ನೋಡಿದವರು ಗುರುತು ಹಿಡಿಯುತ್ತಾರೆ.

ಹುಡುಗನ ಕಥೆಗೆ ಬರುತ್ತೇನೆ. ಮರುದಿನ ಅವನು ಶೆಡ್ಡಿಗೆ ಹೋಗಿ ಕಾರಿನ ಗೇರ್ ಕಡ್ಡಿಯ ಗುಂಡನ್ನು ಟಾರ್ಚ್ ಹಾಕಿ ನೋಡಿದ್ದಾನೆ. ನಾಲ್ಕು ಗೇರು ಮತ್ತು ರಿವರ್ಸಿನ ಆ ಪುಟ್ಟ ನಕ್ಷೆ ನಮ್ಮ ತಂದೆಯ ಅಂಗೈ ಉಜ್ಜಿ ಉಜ್ಜಿ ಅರ್ಧ ಸವೆದಿದೆ. 3 ಎಂಬ ಅಂಕಿ ಪೂರ್ತಿ ಮಾಯವಾಗಿದೆ. ಹಚ್ಚೆಯವನು ಅದನ್ನು ತುಂಬಿ ನೇರ್ಪಡಿಸಿ ಕೊಡುತ್ತೇನೆಂದನಂತೆ. ಇವನು ಬೇಡವೆಂದು ಹೇಳಿ, ಸವೆದ ಜಾಗದಲ್ಲಿ ಬರೀ ಚುಕ್ಕಿ ಇಡಿಸಲು ಒಪ್ಪಿಸಿದ್ದಾನೆ. ಸೂಜಿ ಹೊಸದೇ ಎಂದು ಕೇಳು, ಪೊಟ್ಟಣ ನಿನ್ನ ಕಣ್ಣೆದುರೇ ಒಡೆಯಲಿ ಎಂದು ಅಕ್ಕ ಹತ್ತು ಸಲ ಹೇಳಿದ್ದಾಳೆ.

ಬುಧವಾರಕ್ಕೆ ಸಮಯ ಗೊತ್ತಾಗಿದೆ. ಹಚ್ಚೆ ಹಾಕಿಸಿಕೊಂಡರೆ ಒಂದು ವರ್ಷ ರಕ್ತ ಕೊಡುವ ಹಾಗಿಲ್ಲ. ಅವನು ತಪ್ಪದೆ ರಕ್ತದಾನ ಮಾಡುವವನು. ಅದಕ್ಕೇ ಮಂಗಳವಾರ ಬೆಳಿಗ್ಗೆ ಇಬ್ಬರೂ ರಕ್ತನಿಧಿಗೆ ಹೊರಟಿದ್ದೇವೆ, ಅದೇ ಮೂರು ಸಿಲಿಂಡರಿನ ಕಾರಿನಲ್ಲಿ.