ಬಚ್ಚಲೊಲೆ ಬೂದಿ, ಕಾಫಿ ಚರಟ, ನಮ್ಮ ಹಿತ್ತಲು

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನಲ್ಲಿ ಕೈತೋಟದ ಬಗ್ಗೆ ಮಾತಾಡಲು ನಿಂತರೆ, ಎದುರು ಕೂತವರೆಲ್ಲ ಗಿಡ ಬೆಳೆಸಿ ಪಳಗಿದವರೇ. ಹಾಗಾಗಿ ನೆಡುವ ಪಾಠ ಬೇಡ. ಮನೆಯೊಳಗಿನ ಯಾವುದು ಹಿತ್ತಲಿಗೆ ನಿಜಕ್ಕೂ ಕೆಲಸಕ್ಕೆ ಬರುತ್ತದೆ, ಯಾವುದು ಸುಮ್ನೆ ಹೆಸರು ಮಾಡಿದೆ, ಅಷ್ಟು ನೋಡೋಣ.

ನನ್ನ ಲೆಕ್ಕದಲ್ಲಿ ಮೊದಲ ಮಣೆ ಬೂದಿಗೆ. ಮಲೆನಾಡಿನ ಮಳೆ ಮಣ್ಣಿನ ಸುಣ್ಣದ ಅಂಶವನ್ನು ತೊಳೆದುಕೊಂಡು ಹೋಗುತ್ತದೆ, ಮಣ್ಣು ಹುಳಿಯಾಗುತ್ತದೆ. ಕಾಫಿ ತೋಟಕ್ಕೆ ಸುಣ್ಣ ಹಾಕಿಸುವುದು ಅದಕ್ಕೇ ಅಲ್ವಾ? ಸೌದೆ ಬೂದಿಯಲ್ಲಿ ಸುಣ್ಣವೂ ಇದೆ, ಪೊಟ್ಯಾಷೂ ಇದೆ. ಆದರೆ ಪೊಟ್ಯಾಷ್ ನೀರಲ್ಲಿ ಬೇಗ ಕರಗುತ್ತದೆ. ಆಷಾಢದ ಮಳೆಯಲ್ಲಿ ಹಾಕಿದರೆ ಚರಂಡಿಗೆ ಗೊಬ್ಬರ ಕೊಟ್ಟಂತೆ. ಒಣ ಡಬ್ಬದಲ್ಲಿ ಮುಚ್ಚಿಡಿ. ಮಳೆ ಹಿಂದಾದ ಮೇಲೆ ಗಿಡಕ್ಕೊಂದು ಮುಷ್ಟಿ, ಬುಡದಿಂದ ಸ್ವಲ್ಪ ದೂರ ಉದುರಿಸಿ ಮಣ್ಣಿಗೆ ಸೇರಿಸಿ. ಯೂರಿಯಾ ಅಥವಾ ಹಸಿ ಸಗಣಿ ಜೊತೆ ಬೆರೆಸಬೇಡಿ. ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ, ಮೂಗಿಗೇ ಗೊತ್ತಾಗುತ್ತದೆ.

ಇನ್ನೊಂದು ಮಾತು. ನಮ್ಮ ಬಚ್ಚಲೊಲೆ ಏನು ಕೊಟ್ಟರೂ ತಿನ್ನುತ್ತದೆ: ಹಾಲಿನ ಕವರು, ಹಳೇ ಚಪ್ಪಲಿ, ಬಣ್ಣದ ಹಲಗೆ. ಆ ಬೂದಿ ತರಕಾರಿಗೆ ಬೇಡವೇ ಬೇಡ. ಅಂಗಳದ ಹೈಡ್ರಾಂಜಿಯ ನೀಲಿಯಾಗೇ ಇರಲಿ ಅನ್ನುವವರು ಅಲ್ಲಿಗೂ ಬೂದಿ ಒಯ್ಯಬೇಡಿ. ಹುಳಿ ಮಣ್ಣಿನಲ್ಲಿ ನೀಲಿ, ಹುಳಿ ಇಳಿದರೆ ಹೂವು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ.

ಇನ್ನು ಕಾಫಿ ಚರಟ. ಈ ಊರಲ್ಲಿ ಅದಕ್ಕೆ ಬರವಿಲ್ಲ. ಗುಲಾಬಿ ಬುಡಕ್ಕೆ ದಿನಾ ಫಿಲ್ಟರ್ ಕೊಡವುವವರು ಇದ್ದಾರೆ. ದಪ್ಪಗೆ ಬಿದ್ದ ಚರಟ ಒಣಗಿ ಹೆಪ್ಪುಗಟ್ಟುತ್ತದೆ, ನೀರು ಕೆಳಗಿಳಿಯದೆ ಪಕ್ಕಕ್ಕೆ ಜಾರುತ್ತದೆ, ಮೇಲೆ ಬೂಷ್ಟು. ಚರಟ ತುಂಬಾ ಹುಳಿ ಅನ್ನುವುದೂ ಅಷ್ಟು ಸರಿಯಲ್ಲ. ಹುಳಿಯೆಲ್ಲ ಹೆಚ್ಚಾಗಿ ಡಿಕಾಕ್ಷನ್‌ಗೇ ಇಳಿದಿರುತ್ತದೆ. ಒಣ ತರಗೆಲೆ ಜೊತೆ ಗೊಬ್ಬರದ ಗುಂಡಿಗೆ ಹಾಕಿ. ಅದರ ಸಾರಜನಕ ಅಲ್ಲಿ ಚೆನ್ನಾಗಿ ದಕ್ಕುತ್ತದೆ.

ಮೊಟ್ಟೆ ಸಿಪ್ಪೆಯನ್ನು ಒಡೆದು ಕುಂಡದ ಮೇಲೆ ಅಲಂಕಾರ ಮಾಡಿದರೆ ವರ್ಷಗಟ್ಟಲೆ ಹಾಗೇ ಕೂತಿರುತ್ತದೆ. ನುಣ್ಣಗೆ ಪುಡಿ ಮಾಡಿ. ಟೊಮೆಟೊ ಅಡಿ ಕಪ್ಪಾದರೆ, ಸುಣ್ಣದ ಅಂಶ ಸಾಲದು ಅಂತ ಸಿಪ್ಪೆ ಹುಡುಕುವ ಮೊದಲು ನೀರು ಒಂದೇ ಸಮ ಸಿಗುತ್ತಿದೆಯಾ ನೋಡಿ.

ದಾಸವಾಳದ ಕುಡಿಯಲ್ಲಿ ಬೆಳ್ಳಗೆ ಹಿಟ್ಟು ತಿಗಣೆ ಕೂತಿದ್ದರೆ, ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ದ್ರವ ಸೋಪು ಸಾಕು. ಬಟ್ಟೆ ಒಗೆಯುವ ಪುಡಿ ಬೇಡ, ಎಲೆ ಸುಡುತ್ತದೆ. ಸೋಪಿನ ನೀರು ಹುಳಕ್ಕೆ ತಾಗಿದರೆ ಮಾತ್ರ ಕೆಲಸ, ಒಣಗಿದ ಮೇಲೆ ಏನೂ ಇಲ್ಲ. ಅದಕ್ಕೇ ಸಂಜೆ ಹೊತ್ತು, ಎಲೆಯ ಅಡಿಗೂ ಬೀಳುವಂತೆ ಹೊಡೆದು, ವಾರ ಬಿಟ್ಟು ಮತ್ತೆ ಹೊಡೆಯಿರಿ.

ಕೊನೆಗೆ ಬಸವನಹುಳು. ಉಪ್ಪು ಎರಚಿದರೆ ಹುಳು ಸಾಯುತ್ತದೆ ನಿಜ, ಮಣ್ಣೂ ಕೆಡುತ್ತದೆ. ಒಂದು ಗೋಣಿಚೀಲ ಒದ್ದೆ ಮಾಡಿ, ಅಡಿಗೆ ಪಪ್ಪಾಯಿ ಸಿಪ್ಪೆ ಇಟ್ಟು ರಾತ್ರಿ ಹಾಸಿ. ಬೆಳಿಗ್ಗೆ ಎತ್ತಿದರೆ ಸಂಸಾರ ಸಮೇತ ಅಲ್ಲೇ ಇರುತ್ತವೆ. ಕೈಗೆ ಪ್ಲಾಸ್ಟಿಕ್ ಕವರು ಕಟ್ಟಿಕೊಂಡೇ ಆರಿಸಿ, ಉಪ್ಪುನೀರಿನ ಬಕೆಟ್ಟಿಗೆ ಹಾಕಿ. ಆ ನೀರನ್ನು ಗಿಡದ ಹತ್ತಿರ ಚೆಲ್ಲಬೇಡಿ.