ಮೊದಲು ಕೆಪ್ಯಾಸಿಟರ್, ಆಮೇಲೆ ಉಳಿದದ್ದು

ಕೇಳುಗರೇ, ನಮಸ್ಕಾರ.

ಮನೆಯಲ್ಲಿ ಹದಿನೈದು ಇಪ್ಪತ್ತು ವರ್ಷದ ಆಂಪ್ಲಿಫೈಯರ್ ಇದೆ, ಅದರ ಒಳಗಿನ ಭಾಗ ಬದಲಿಸಿದರೆ ಇನ್ನೂ ಚೆನ್ನಾಗಿ ಹಾಡುತ್ತದಾ ಅಂತ ಯೋಚಿಸುತ್ತಿದ್ದೀರಾ? ಹಾಡುತ್ತದೆ. ಆದರೆ ಯಾವುದನ್ನು ಮೊದಲು ಬದಲಿಸಬೇಕು ಅನ್ನುವುದರಲ್ಲೇ ಜನ ಎಡವುತ್ತಾರೆ. ಉತ್ತರ ಒಂದೇ. ಪವರ್ ಸಪ್ಲೈನಲ್ಲಿ ಡಬ್ಬಿಯ ಹಾಗೆ ನಿಂತಿರುತ್ತವಲ್ಲ, ಆ ದೊಡ್ಡ ಕೆಪ್ಯಾಸಿಟರ್‌ಗಳು. ರಿಪೇರಿಯವರು ಕಂಡೆನ್ಸರ್ ಅನ್ನುತ್ತಾರೆ. ಐಸಿ, ಅಂದರೆ ಒಳಗಿರುವ ಪುಟ್ಟ ಚಿಪ್, ಆಮೇಲೆ, ವೈರು ಆಮೇಲೆ.

ಯಾಕೆ ಅಂದರೆ, ಗೋಡೆಯ ಪ್ಲಗ್ಗಿನಿಂದ ಬರುವುದು ಏಸಿ, ಅಂದರೆ ದಿಕ್ಕು ಬದಲಿಸುತ್ತಲೇ ಇರುವ ಕರೆಂಟು, ಆಂಪ್ಲಿಫೈಯರಿಗೆ ಬೇಕಾದ್ದು ಡಿಸಿ, ಅಂದರೆ ಒಂದೇ ದಿಕ್ಕಿನ ಕರೆಂಟು. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಡಯೋಡುಗಳು ಕರೆಂಟನ್ನು ಒಂದೇ ದಿಕ್ಕಿಗೆ ಬಿಡುತ್ತವೆ, ಆದರೂ ಅದು ಏರಿಳಿಯುತ್ತಲೇ ಇರುತ್ತದೆ. ಮನೆ ಮೇಲಿನ ನೀರಿನ ಟ್ಯಾಂಕಿಗೆ ಪಂಪು ಬಿಟ್ಟುಬಿಟ್ಟು ನೀರು ತುಂಬಿಸಿದರೂ ನಲ್ಲಿಯಲ್ಲಿ ಒಂದೇ ಸಮ ಬರುತ್ತದೆ ಅಲ್ವಾ, ಕೆಪ್ಯಾಸಿಟರ್ ಮಾಡುವುದು ಅದೇ ಕೆಲಸ. ಇದರೊಳಗೆ ದ್ರವ ಇರುತ್ತದೆ. ಶಾಖಕ್ಕೆ ಅದು ನಿಧಾನವಾಗಿ ಒಣಗುತ್ತದೆ. ಶಾಖ 10 ಡಿಗ್ರಿ ಜಾಸ್ತಿಯಾದರೆ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಆಂಪ್ಲಿಫೈಯರ್ ಮೇಲೆ ಇನ್ನೊಂದು ಪೆಟ್ಟಿಗೆ ಇಟ್ಟು ಗಾಳಿ ಮುಚ್ಚುವವರು ಇದನ್ನು ದಯವಿಟ್ಟು ಗಮನಿಸಿ.

ಗೆಳೆಯರೊಬ್ಬರು ತಮ್ಮ ಆಂಪ್ಲಿಫೈಯರ್ ಹೊತ್ತು ತಂದರು. ಜೊತೆಗೆ ಒಂದು ಪುಟ್ಟ ಪೊಟ್ಟಣ, ಅದರಲ್ಲಿ ಒಪಿಎ2134 ಐಸಿ. ಒಳಗಿರುವ 4558 ಅನ್ನುವ ಐಸಿ ತೆಗೆದು ಇದನ್ನು ಹಾಕಿಕೊಡಿ, ಸಾಕು ಅಂದರು. ಬೇಸ್ ಸಡಿಲವಾಗಿದೆ, ಜೋರಾಗಿ ಇಟ್ಟರೆ ಹಾಡೆಲ್ಲ ಕಲಸಿಹೋಗುತ್ತದೆ ಅನ್ನುವುದು ಅವರ ದೂರು. ನಾನು ಐಸಿ ಮುಟ್ಟಲಿಲ್ಲ. ಸ್ಪೀಕರ್ ಜೋಡಿಸಿ, ವಾಲ್ಯೂಮ್ ಪೂರ್ತಿ ಸೊನ್ನೆಗೆ ತಿರುಗಿಸಿ, ಈಗ ಕೇಳಿ ಅಂದೆ. ಗುಂಯ್ ಅನ್ನುವ ಸದ್ದು ಹಾಗೇ ಇತ್ತು. ವಾಲ್ಯೂಮ್ ಸೊನ್ನೆ ಇದ್ದಾಗಲೂ ಗುಂಯ್ ಅಂದರೆ ಅದು ವಾಲ್ಯೂಮಿನ ನಂತರ ಎಲ್ಲೋ ಸೇರಿಕೊಳ್ಳುತ್ತಿದೆ, ಮೊದಲ ಅನುಮಾನ ಪವರ್ ಸಪ್ಲೈ ಮೇಲೆ. 50 ಹರ್ಟ್ಸ್ ಕರೆಂಟು ಬ್ರಿಡ್ಜ್ ಡಯೋಡು ದಾಟಿದರೆ ಈ ಸದ್ದು 100 ಹರ್ಟ್ಸ್ ಆಗಿ ಕೇಳುತ್ತದೆ. ಮುಚ್ಚಳ ತೆಗೆದೆವು. ಗೆಳೆಯರು ಬಗ್ಗಿ ನೋಡಿ, ಎಲ್ಲಿ ಉಬ್ಬಿದೆ, ಚೆನ್ನಾಗೇ ಇವೆಯಲ್ಲ ಅಂದರು. ಎಲ್ಲರೂ ಇದನ್ನೇ ಹೇಳುತ್ತಾರೆ! ಉಬ್ಬಿದರೆ ಕೆಟ್ಟಿದೆ ಅಂತ ಖಂಡಿತ ಹೇಳಬಹುದು, ಉಬ್ಬದಿದ್ದರೆ ಚೆನ್ನಾಗಿದೆ ಅಂತ ಹೇಳಲಾಗದು. ಬಿಚ್ಚಿ ಅಳೆದೆ. ಮೇಲೆ 10,000 ಮೈಕ್ರೋಫ್ಯಾರಡ್ ಅಂತ, ಅಂದರೆ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ, ಬರೆದಿತ್ತು, ಅರ್ಧವೂ ಉಳಿದಿರಲಿಲ್ಲ, ಒಳಗಿನ ರೆಸಿಸ್ಟೆನ್ಸೂ ಏರಿತ್ತು. ಅದೇ ಅಳತೆಯ, 105 ಡಿಗ್ರಿ ಶಾಖದವರೆಗೆ ತಡೆಯುವ ಹೊಸ ಜೋಡಿ ಹಾಕಿದೆ. ಗುಂಯ್ ಹೋಯಿತು, ಬೇಸ್ ಬಿಗಿಯಾಯಿತು. ಗೆಳೆಯರು ಒಂದು ಹಾಡು ಪೂರ್ತಿ ಕೇಳಿ, ಐಸಿ ಒಳ್ಳೆಯದು ಅಲ್ವಾ ಅಂದರು. ಪೊಟ್ಟಣ ಇನ್ನೂ ಒಡೆದಿರಲಿಲ್ಲ. ಆಮೇಲೆ ಆ ಐಸಿಯನ್ನೂ ಹಾಕಿದೆವು, ವ್ಯತ್ಯಾಸ ಇತ್ತು, ಸಣ್ಣದು. ದೊಡ್ಡದು ಕೆಪ್ಯಾಸಿಟರ್‌ನಿಂದ ಆಗಲೇ ಬಂದಾಗಿತ್ತು.

ಸಮಯ ಕಡಿಮೆ ಇದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಪ್ಲಗ್ ಕಿತ್ತ ಮೇಲೂ ಕೆಪ್ಯಾಸಿಟರ್‌ನಲ್ಲಿ ಚಾರ್ಜ್ ಇರುತ್ತದೆ. ಸ್ಕ್ರೂಡ್ರೈವರ್ ಇಟ್ಟು ಶಾರ್ಟ್ ಮಾಡಬೇಡಿ, ತಕ್ಕ ವ್ಯಾಟೇಜಿನ ರೆಸಿಸ್ಟರ್ ಮೂಲಕ ಇಳಿಸಿ, ಮೀಟರಿನಲ್ಲಿ ನೋಡಿಯೇ ಕೈ ಹಾಕಿ. ಗಾಜಿನ ಟ್ಯೂಬುಗಳಿರುವ ಹಳೆಯ ವಾಲ್ವ್ ಸೆಟ್ಟಿನಲ್ಲಿ ನೂರಾರು ವೋಲ್ಟ್ ಇರುತ್ತದೆ, ಅದನ್ನು ತಿಳಿದವರಿಗೇ ಬಿಡಿ. ಹೊಸದರ ವೋಲ್ಟೇಜ್ ಹಳೆಯದಕ್ಕಿಂತ ಕಡಿಮೆ ಇರಬಾರದು, ಪ್ಲಸ್ ಮೈನಸ್ ಅದಲುಬದಲು ಆಗಬಾರದು, ಹಾಗೇನಾದರೂ ಆದರೆ ಒಡೆದೇ ಹೋಗುತ್ತದೆ. ಜಾಸ್ತಿ ಹಾಕಿದರೆ ಜಾಸ್ತಿ ಒಳ್ಳೆಯದು ಅಂತ ಸುಮ್ನೆ ಮೂರು ಪಟ್ಟು ದೊಡ್ಡದು ಹಾಕಬೇಡಿ, ಸ್ವಿಚ್ ಹಾಕಿದ ಕ್ಷಣ ಡಯೋಡಿಗೂ ಫ್ಯೂಸಿಗೂ ಹೊಡೆತ ಬೀಳುತ್ತದೆ. ಕೆಲಸ ಮುಗಿದ ಮೇಲೆ ಮೊದಲ ಸಲ ಹಳೆಯ ತಂತಿಬಲ್ಬನ್ನು ಸೀರೀಸ್‌ನಲ್ಲಿ, ಅಂದರೆ ಕರೆಂಟು ಬಲ್ಬನ್ನು ದಾಟಿಯೇ ಆಂಪ್ಲಿಫೈಯರಿಗೆ ಹೋಗುವ ಹಾಗೆ, ಹಾಕಿ ಕರೆಂಟು ಕೊಡಿ. ಬಲ್ಬ್ ಒಮ್ಮೆ ಬೆಳಗಿ ಮಂಕಾದರೆ ಸರಿ, ಪ್ರಕಾಶವಾಗಿ ಉರಿಯುತ್ತಲೇ ಇದ್ದರೆ ತಕ್ಷಣ ಆರಿಸಿ.

ಐಸಿ ಬದಲಿಸುವ ಆಸೆ ಇದ್ದವರು ಐಸಿ ಸಿಕ್ಕಿಸಿ ತೆಗೆಯಲು ಬರುವ ಸಾಕೆಟ್ ಹಾಕಿಕೊಳ್ಳಿ. ವೇಗದ ಐಸಿ ಹಾಕುವುದಾದರೆ ಅದರ ಸಪ್ಲೈ ಪಿನ್ನುಗಳ ಪಕ್ಕದಲ್ಲೇ 0.1 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಇರಲಿ, ಇಲ್ಲದಿದ್ದರೆ ಐಸಿ ತನ್ನಷ್ಟಕ್ಕೆ ಆಸಿಲೇಟ್ ಆಗಿ, ಅಂದರೆ ಹಾಡಿಲ್ಲದೆಯೂ ತಾನೇ ಕಂಪಿಸುವ ಸಿಗ್ನಲ್ ಹುಟ್ಟಿಸಿ, ಬಿಸಿಯಾಗಬಹುದು. ಸ್ಪೀಕರ್ ಪೆಟ್ಟಿಗೆಯಲ್ಲಿ ದಪ್ಪ ಸದ್ದು, ತೆಳು ಸದ್ದನ್ನು ಬೇರೆ ಬೇರೆ ಸ್ಪೀಕರಿಗೆ ಹಂಚುವ ಕ್ರಾಸ್‌ಓವರ್‌ನಲ್ಲೂ ಕೆಪ್ಯಾಸಿಟರ್ ಇರುತ್ತದೆ, ಅದೂ ಹಳೆಯದಾಗುತ್ತದೆ. ಅಲ್ಲಿ ಪ್ಲಸ್ ಮೈನಸ್ ಇಲ್ಲದ ಬೈಪೋಲಾರ್ ಅಥವಾ ಫಿಲ್ಮ್ ಕೆಪ್ಯಾಸಿಟರ್ ಮಾತ್ರ ಹಾಕಬೇಕು. ಆದರೆ ಅಲ್ಲಿಗೆ ಕೈ ಹಾಕುವ ಮೊದಲು ಆಂಪ್ಲಿಫೈಯರ್ ವಾಲ್ಯೂಮ್ ಸೊನ್ನೆಗೆ ಇಳಿಸಿ, ಸ್ಪೀಕರಿಗೆ ಕಿವಿ ಇಟ್ಟು ಕೇಳಿ. ಗುಂಯ್ ಅಂದರೆ ಮೊದಲು ಯಾವುದನ್ನು ಅಳೆಯಬೇಕು ಅಂತ ನಿಮಗೆ ಗೊತ್ತು.

ನಮಸ್ಕಾರ.